ಎರಡನೆಯ ಸುತ್ತಿಗೆ ಬೆರಳು ಬೆಳೆಸಿದವರು

ಮಿಜಾರಿನಿಂದ ಹೊರಟದ್ದು

ಬ್ರೆಜಿಲಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮೂರು ಲಾಯಿಲದಲ್ಲಿ ಸಿಕ್ಕಿದವರೆಲ್ಲ ಕೇಳಿದ್ದು ಫುಟ್‌ಬಾಲ್ ನೋಡಿದಿರಾ, ಅಮೆಜಾನ್ ನೋಡಿದಿರಾ ಎಂದು. ಎರಡನ್ನೂ ನೋಡಲಿಲ್ಲ. ನೋಡಿದ್ದು ಒಂದು ಚುನಾವಣೆ. ಹಾಗೆಂದರೆ ಎದುರಿನವರ ಮುಖ ಸಪ್ಪಗಾಗುತ್ತದೆ. ಅಷ್ಟು ದೂರ ಹೋಗಿ ಓಟು ನೋಡಿ ಬಂದರಂತೆ, ಇಲ್ಲಿ ಕಂಡದ್ದು ಸಾಲದೆ ಎಂದು ಬೆನ್ನ ಹಿಂದೆ ನಕ್ಕವರೂ ಇದ್ದಾರೆ. ಹೌದು, ಸಾಲದು. ಬಂಟ್ವಾಳ ತಾಲೂಕಿನ ಹೈಸ್ಕೂಲುಗಳಲ್ಲಿ ಗಣಿತ ಕಲಿಸುತ್ತ, ಪ್ರತಿ ಚುನಾವಣೆಗೂ ಶಾಯಿ ಬಾಟಲಿ ಹಿಡಿದು ಗುಡ್ಡದ ಬುಡದ ಶಾಲೆಗಳ ಬೆಂಚಿನ ಮೇಲೆ ಮಲಗಿ ನಿವೃತ್ತಳಾದವಳು ನಾನು. ಓಟು ಹಾಕುವವರ ಮುಖ ನೋಡುವುದು ನನಗೆ ಇಂದಿಗೂ ಬೇಸರವಿಲ್ಲ.

ನಿಜ ಹೇಳಬೇಕೆಂದರೆ ಪ್ರವಾಸ ನನ್ನದಲ್ಲ, ತಂಗಿ ಸುನಂದಾಳದು. ಮೂಡುಬಿದಿರೆಯ ಹತ್ತಿರ ಮಿಜಾರಿನಲ್ಲಿ ಅವಳದೊಂದು ಸಣ್ಣ ಗೇರುಬೀಜದ ಕಾರ್ಖಾನೆ. ನಮ್ಮಲ್ಲಿ ಬೀಜಕ್ಕೆ ಮಾತ್ರ ಮರ್ಯಾದೆ. ಹಣ್ಣು ಮರದ ಬುಡದಲ್ಲಿ ಕೊಳೆಯುತ್ತದೆ, ಇಲ್ಲವೇ ದನದ ಹೊಟ್ಟೆಗೆ ಹೋಗುತ್ತದೆ. ಬ್ರೆಜಿಲಿನಲ್ಲಿ ಆ ಹಣ್ಣಿನ ರಸ ತೆಗೆದು ಊರಿಗೆಲ್ಲ ಕುಡಿಸುತ್ತಾರೆ ಎಂದು ಅವಳಿಗೆ ಗೊತ್ತಾದ ದಿನದಿಂದ ನಿದ್ದೆ ಹೋಗಿತ್ತು. ಅಲ್ಲಿಯ ಒಬ್ಬ ಕಾರ್ಖಾನೆಯ ಯಜಮಾನ ತನ್ನ ಹಳೆಯ ಯಂತ್ರ ಕೊಡುತ್ತೇನೆ, ಮೂರು ವಾರ ಇಲ್ಲೇ ಇದ್ದು ಕೆಲಸ ಕಲಿತು ಹೋಗಿ ಎಂದಿದ್ದ. ಈ ಸಂಬಂಧ ಕುದುರಿಸಿದವಳು ನನ್ನ ಹಳೆಯ ಶಿಷ್ಯೆ ಲೀನಾ. ಬಂಟ್ವಾಳದ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಿಸುಗುಡುತ್ತಿದ್ದ ಹುಡುಗಿ ಈಗ ಕ್ರೈಸ್ತ ಸನ್ಯಾಸಿನಿ. ಆ ದೇಶದ ಪೌರತ್ವವನ್ನೂ ಪಡೆದು, ಅಲ್ಲಿಯ ಬಡವರ ಮಕ್ಕಳಿಗೆ ಶಿಶುವಿಹಾರ ನಡೆಸುತ್ತಿದ್ದಾಳೆ.

"ಅಕ್ಕ, ನೀನೂ ಬಾ. ನನಗೆ ಒಬ್ಬಳಿಗೆ ಅಲ್ಲಿಯ ಊಟದ ಹೆದರಿಕೆ" ಎಂದಳು ಸುನಂದಾ. ನಾವು ಜೈನರು. ಮಾಂಸ ಇಲ್ಲ, ನೆಲದಡಿಯ ಗೆಡ್ಡೆ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವೇ ಇಲ್ಲ. ಇಬ್ಬರಿದ್ದರೆ ಹಸಿವನ್ನಾದರೂ ಹಂಚಿಕೊಳ್ಳಬಹುದು ಎಂಬ ಲೆಕ್ಕ ಅವಳದು.

ರಾಜ್ಯದ ಹೆಸರು ಹೇಳುವುದಿಲ್ಲ. ದೇಶದ ಈಶಾನ್ಯದಲ್ಲಿ, ಸಮುದ್ರದ ಪಕ್ಕ ಎಂದಷ್ಟೇ ಇಟ್ಟುಕೊಳ್ಳಿ. ಗೆದ್ದವರೂ ಸೋತವರೂ ಅಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಲೀನಾ ಅಲ್ಲಿಯೇ ಬಾಳಬೇಕು.

ವಿಮಾನ ನಿಲ್ದಾಣದಿಂದ ರೈಮುಂದಾಳ ಮನೆಗೆ

ಲೀನಾ ಕಾರು ತಂದಿದ್ದಳು. ರಸ್ತೆಯ ಎರಡೂ ಬದಿ ಗೇರುಮರ. ಗೇರು ನಮ್ಮ ಕರಾವಳಿಗೆ ಬಂದದ್ದೇ ಅಲ್ಲಿಂದ, ಪೋರ್ಚುಗೀಸರ ಹಡಗಿನಲ್ಲಿ. ಕಿಟಕಿ ಇಳಿಸಿದರೆ ಅದೇ ಹಣ್ಣಿನ ಒಗರು ವಾಸನೆ. ನಮ್ಮಲ್ಲಿ ಆ ವಾಸನೆ ಬೇಸಗೆಯಲ್ಲಿ, ಅಲ್ಲಿ ಅಕ್ಟೋಬರಿನಲ್ಲಿ. ಸುನಂದಾ ಮೂಗು ಹೊರಗಿಟ್ಟು, "ಇದು ನಮ್ಮ ಗುಡ್ಡೆಯೇ, ಸುಮ್ಮನೆ ವಿಮಾನ ಹತ್ತಿದ್ದು" ಎಂದಳು.

ಕಂಬ ಕಂಬಕ್ಕೂ ಇಬ್ಬರು ಗಂಡಸರ ಫೋಟೊ ಇತ್ತು. ಲೀನಾ ಹೇಳಿದಳು: "ಟೀಚರ್, ಈಗ ಇಲ್ಲಿ ಗವರ್ನರ್ ಇಲೆಕ್ಷನಿನ ಗೌಜಿ. ಎರಡನೇ ಸುತ್ತು."

"ಗವರ್ನರಿಗೆ ಯಾರು ಓಟು ಹಾಕ್ತಾರೆ ಮಾರಾಯ್ತಿ? ಅವರನ್ನು ದಿಲ್ಲಿಯವರು ಕಳಿಸುವುದಲ್ವಾ?" ಎಂದಳು ಸುನಂದಾ.

ನಮ್ಮ ಗವರ್ನರು ರಾಜಭವನದಲ್ಲಿ ಇರುವವರು, ಘಟಿಕೋತ್ಸವಕ್ಕೆ ಬಂದು ಹೋಗುವವರು. ಅಲ್ಲಿಯ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಆದರೆ ಜನರೇ ನೇರವಾಗಿ ಆರಿಸುವುದು. ಇನ್ನೊಂದು ವಿಷಯ ಕೇಳಿ ನನ್ನ ಗಣಿತದ ಕಿವಿ ನಿಮಿರಿತು. ನಮ್ಮಲ್ಲಿ ಹತ್ತು ಜನ ನಿಂತರೆ ಉಳಿದವರಿಗಿಂತ ಒಂದು ಓಟು ಹೆಚ್ಚು ಬಿದ್ದವ ಗೆದ್ದ. ಮುಕ್ಕಾಲು ಪಾಲು ಜನ ಅವನು ಬೇಡ ಎಂದಿದ್ದರೂ ಹಾರ ಅವನಿಗೇ. ಅಲ್ಲಿ ಹಾಗಲ್ಲ, ಅರ್ಧ ದಾಟಲೇ ಬೇಕು. ಯಾರೂ ದಾಟದಿದ್ದರೆ ಮೇಲಿನ ಇಬ್ಬರನ್ನು ಉಳಿಸಿಕೊಂಡು, ಕೆಲವು ವಾರ ಬಿಟ್ಟು ಊರಿಗೆ ಊರೇ ಮತ್ತೆ ಸಾಲು ನಿಲ್ಲಬೇಕು. ಅಧಿಕಾರದಲ್ಲಿದ್ದ ಗವರ್ನರ್ ಮೊದಲ ಸುತ್ತಿನಲ್ಲಿ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ ಬಿದ್ದಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವನ ಕಡೆಯವರು ಕುದಿಯುತ್ತಿದ್ದರಂತೆ.

ನಮಗೆ ತಂಗಲು ಗೊತ್ತುಮಾಡಿದ್ದು ದೋನಾ ರೈಮುಂದಾಳ ಮನೆ. ದೋನಾ ಎಂದರೆ ನಮ್ಮಲ್ಲಿ ಅಮ್ಮ ಎಂದು ಸೇರಿಸಿದ ಹಾಗೆ. ಎಂಬತ್ತಕ್ಕೆ ಹತ್ತಿರದ ಹೆಂಗಸು, ಬಿದಿರಿನ ಗಳುವಿನಷ್ಟು ತೆಳ್ಳಗೆ, ದನಿ ಮಾತ್ರ ಬಸ್ಸಿನ ಹಾರನ್ನು. ಆ ಬೀದಿಯ ಹೆಂಗಸರೆಲ್ಲ ಅದೇ ಯಜಮಾನನ ಕಾರ್ಖಾನೆಯಿಂದ ಬರುವ ಗೇರುಬೀಜವನ್ನು ಮನೆಯ ಜಗಲಿಯಲ್ಲೇ ಒಡೆದು ಕೊಡುವವರು. ರೈಮುಂದಾ ಮದುವೆಯಾಗಿ ಬಂದಂದಿನಿಂದ ಒಡೆಯುತ್ತಿದ್ದಾಳೆ. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಸುನಂದಾಳದು. ಅಂಗೈ ಮುಟ್ಟಿದ ಕೂಡಲೇ ತಂಗಿ ನನ್ನನ್ನು ನೋಡಿದಳು. ಕಪ್ಪಗೆ, ನುಣ್ಣಗೆ, ಒರೆಸಿದ ಸ್ಲೇಟಿನ ಹಾಗಿನ ಬೆರಳು. ಬೀಜದ ಸಿಪ್ಪೆಯ ಎಣ್ಣೆ ಸುಟ್ಟು ಸುಟ್ಟು ಗೆರೆ ಅಳಿಸಿ ಹೋಗಿತ್ತು. ಮಿಜಾರಿನಲ್ಲಿ ಸುನಂದಾಳ ಕಾರ್ಖಾನೆಯ ಹೆಂಗಸರ ಬೆರಳೂ ಹಾಗೆಯೇ. ಪಡಿತರ ಅಂಗಡಿಗೆ ಹೋಗಿ ಯಂತ್ರಕ್ಕೆ ಹೆಬ್ಬೆರಳು ಒತ್ತಿ, "ಬೆರಳು ಕೂರಲಿಲ್ಲ" ಎಂದು ಖಾಲಿ ಚೀಲ ಹಿಡಿದು ವಾಪಸು ಬರುವವರು.

ಊಟದಲ್ಲಿ ಮೊದಲ ಫಜೀತಿ ನಮ್ಮದೇ. ಅನ್ನದ ಮೇಲೆ ಉದುರಿಸಿಕೊಳ್ಳಲು ಹುರಿದ ಹುಡಿಯೊಂದು ಮೇಜಿನ ಮೇಲೆ ಸದಾ ಇರುತ್ತಿತ್ತು. ಅಕ್ಕಿ ಹುರಿದು ಪುಡಿ ಮಾಡಿದ್ದೆಂದುಕೊಂಡು ಚೆನ್ನಾಗಿಯೇ ಬಡಿಸಿಕೊಂಡೆವು. ಕೆಲವು ದಿನದ ಮೇಲೆ ಲೀನಾ ನಗುತ್ತ, "ಟೀಚರ್, ಅದು ಮರಗೆಣಸು" ಎಂದಳು. ಸುನಂದಾ ತಟ್ಟೆ ದೂರ ಸರಿಸಿದಳು. ನಾನು ಊರಿಗೆ ಹೋಗಿ ಪ್ರಾಯಶ್ಚಿತ್ತ ಮಾಡಿದರಾಯಿತು ಎಂದು ಮುಂದುವರಿಸಿದೆ.

ಜಗಲಿ

ರೈಮುಂದಾಳ ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಒಂದು ಗುಣಾಕಾರದ ಚಿಹ್ನೆ ಬಳಿದಿತ್ತು. ಬೀದಿಯ ಬೇರೆ ಮನೆಗಳಿಗೂ ಇತ್ತು. ಏನೆಂದು ಕೇಳಿದೆ.

ಕೆಡವಲಿರುವ ಮನೆಗಳ ಗುರುತಂತೆ. ಬಂದರಿಗೆ ಹೊಸ ರಸ್ತೆ. ಆ ರಸ್ತೆ ಈ ಬೀದಿಯ ಮೇಲೆಯೇ ಹೋಗಬೇಕೆಂದು ಗವರ್ನರ್ ನಕ್ಷೆ ಮಾಡಿಸಿದ್ದಾನೆ. ಎದುರಾಳಿ, ರಸ್ತೆಯನ್ನು ಪಾಳುಬಿದ್ದ ಉಪ್ಪಿನ ಗದ್ದೆಯ ಕಡೆ ತಿರುಗಿಸುತ್ತೇನೆ, ಮನೆ ಮುಟ್ಟುವುದಿಲ್ಲ ಎಂದು ಇದೇ ಬೀದಿಗೆ ಬಂದು ಮಾತು ಕೊಟ್ಟಿದ್ದಾನೆ. ಅಲ್ಲಿಗೆ ಲೆಕ್ಕ ಸರಳ. ಗವರ್ನರ್ ಗೆದ್ದರೆ ಮನೆ ಹೋಗುತ್ತದೆ, ಎದುರಾಳಿ ಗೆದ್ದರೆ ಉಳಿಯುತ್ತದೆ.

"ಹಾಗಾದರೆ ಮೊದಲ ಸುತ್ತಿನಲ್ಲಿ ಈ ಬೀದಿಯವರೆಲ್ಲ ಹೋಗಿ ಓಟು ಹಾಕಿರಬೇಕು" ಎಂದೆ.

ಲೀನಾ ಅದನ್ನು ಪೋರ್ಚುಗೀಸಿನಲ್ಲಿ ಹೇಳಿದಳು. ರೈಮುಂದಾ ಒಡೆಯುತ್ತಿದ್ದ ಬೀಜ ಕೆಳಗಿಟ್ಟಳು. ಆಮೇಲೆ ಅವಳು ಹೇಳಿದ್ದನ್ನು ಲೀನಾ ತುಂಡು ತುಂಡಾಗಿ ನನಗೆ ದಾಟಿಸಿದಳು.

ಅಲ್ಲಿ ಮತಗಟ್ಟೆಯಲ್ಲಿ ಶಾಯಿ ಇಲ್ಲ. ಹೆಬ್ಬೆರಳನ್ನು ಯಂತ್ರಕ್ಕೆ ಕೊಡಬೇಕು, ಯಂತ್ರ ಗುರುತು ಹಿಡಿಯಬೇಕು. ರೈಮುಂದಾಳ ಬೆರಳನ್ನು ಅದು ಹಿಡಿಯಲಿಲ್ಲ. ಒರೆಸಿ ಇಟ್ಟಳು, ಊದಿ ಇಟ್ಟಳು, ಎಡಗೈ ಇಟ್ಟಳು. ಹಿಂದಿನ ಸಾಲು ಗೊಣಗಿತು: ಒಂದು ಮುದುಕಿಯ ಬೆರಳಿಗೆ ನಾವೆಲ್ಲ ಬಿಸಿಲಲ್ಲಿ ಬೇಯಬೇಕೆ? ಆ ದೇಶದಲ್ಲಿ ಓಟು ಹಾಕುವುದು ಕಡ್ಡಾಯ. ಆದರೆ ಎಪ್ಪತ್ತು ದಾಟಿದವರಿಗೆ ಕಡ್ಡಾಯವಿಲ್ಲ, ಓದು ಬರಹ ಬಾರದವರಿಗೂ ಇಲ್ಲ. ರೈಮುಂದಾ ಎರಡೂ ಹೌದು. ಮೇಜಿನ ಹಿಂದೆ ಕೂತಿದ್ದವನು ಬಹಳ ಮರ್ಯಾದೆಯಿಂದಲೇ ಹೇಳಿದನಂತೆ: "ನಿಮಗೆ ಕಡ್ಡಾಯವಿಲ್ಲ ಅಜ್ಜಿ, ಯಾಕೆ ಸುಮ್ಮನೆ ಕಷ್ಟ? ಮನೆಗೆ ಹೋಗಿ ವಿಶ್ರಾಂತಿ ಮಾಡಿ."

ಅವಳು ಮನೆಗೆ ಬಂದಳು. ಅದೇ ದಿನ ಆ ಬೀದಿಯ ಇನ್ನೂ ಹಲವು ಹೆಂಗಸರು ಬೆರಳು ಕೂರದೆ, ಸಾಲಿನ ಗೊಣಗಾಟಕ್ಕೆ ನಾಚಿ, ಹಾಗೆಯೇ ಬಂದರು.

ನನಗೆ ಸಿಟ್ಟು ಬಂತು. ಬೈದು ಕಳಿಸಿದ್ದರೆ ಇಷ್ಟು ಬರುತ್ತಿರಲಿಲ್ಲ, ಕನಿಕರ ತೋರಿಸಿ ಕಳಿಸಿದ್ದಕ್ಕೆ ಬಂತು. "ಅದು ಸಾಧ್ಯವೇ ಇಲ್ಲ ಲೀನಾ. ಬೆರಳು ಕೂರದಿದ್ದರೆ ಬೇರೆ ದಾರಿ ಇರಲೇಬೇಕು. ನಮ್ಮ ಬೂತಿನಲ್ಲಿ ಕೈಯೇ ಇಲ್ಲದವರು ಬಂದರೂ ಹಿಂದೆ ಕಳಿಸುವ ಹಾಗಿಲ್ಲ. ವಿಚಾರಿಸು" ಎಂದೆ. ದನಿ ತರಗತಿಯದೇ ಆಗಿರಬೇಕು. ಲೀನಾ ಎದ್ದು ನಿಂತೇ "ಆಯ್ತು ಟೀಚರ್" ಎಂದಳು.

ಮರುದಿನ ವಿಚಾರಿಸಿ ಬಂದಳು. ದಾರಿ ಇತ್ತು. ಬೆರಳು ಹಿಡಿಯದಿದ್ದರೆ ಹುಟ್ಟಿದ ವರ್ಷ ಕೇಳಬೇಕು, ಸರಿ ಹೇಳಿದರೆ ಅಧಿಕಾರಿಯೇ ಯಂತ್ರ ತೆರೆದು ಬಿಡಬೇಕು. ಅಷ್ಟೇ. ಯಾರೂ ಕೇಳಿರಲಿಲ್ಲ, ಇವರಿಗೆ ಯಾರೂ ಹೇಳಿಯೂ ಇರಲಿಲ್ಲ.

ರೈಮುಂದಾಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳು ತನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ವರ್ಷ ಹೇಳ್ತೇನೆ. ಆದರೆ ಮೊದಲು ಬೆರಳು ಕೊಡ್ತೇನೆ. ಬೆರಳು ನಂದು. ಅದನ್ನು ತಿಂದವರು ಕಾರ್ಖಾನೆಯವರು" ಎಂದಳಂತೆ. ಆಮೇಲೆ ಸುನಂದಾಳ ಕಡೆ ತಿರುಗಿ ಕೇಳಿದಳು: "ನೀನು ಬೀಜದವಳು. ಗೆರೆ ಮತ್ತೆ ಬರ್ತದಾ?"

ಸುನಂದಾ ನನ್ನ ಮುಖ ನೋಡಿದಳು. ಬರುತ್ತದೆ ಎಂದು ಅವಳಿಗೆ ಗೊತ್ತು. ಮಿಜಾರಿನಲ್ಲಿ ಎರಡು ವಾರ ಪ್ಯಾಕಿಂಗಿಗೆ ಹಾಕಿದವರ ಬೆರಳು ಪಡಿತರ ಅಂಗಡಿಯಲ್ಲಿ ಕೂರುತ್ತದೆ. ಆದರೆ ಎರಡು ವಾರ ಸಿಪ್ಪೆ ಮುಟ್ಟಬಾರದು. ಎರಡನೇ ಸುತ್ತಿಗೆ ಉಳಿದದ್ದೂ ಎರಡೇ ವಾರ. ಅದನ್ನು ಈ ಹೆಂಗಸರಿಗೆ ಹೇಳುವುದೆಂದರೆ, ಅವಳಿಗೆ ಯಂತ್ರ ಕೊಡಬೇಕಾದ ಯಜಮಾನನ ಕೆಲಸ ನಿಲ್ಲಿಸಿದ ಹಾಗೆ.

"ಬರ್ತದೆ ಅಂತ ಹೇಳು" ಎಂದಳು ಕೊನೆಗೆ, ನೆಲ ನೋಡುತ್ತ.

ಕೆಲಸ ನಿಂತ ದಿನಗಳು

ಮರುದಿನ ಬೆಳಿಗ್ಗೆ ಕಾರ್ಖಾನೆಯ ಗಾಡಿ ಬೀಜದ ಮೂಟೆ ಇಳಿಸಲು ಬಂದಾಗ ರೈಮುಂದಾ ಬೇಡ ಎಂದಳು. ಪಕ್ಕದ ಮನೆಯವಳೂ ಬೇಡ ಎಂದಳು. ಗಾಡಿ ಬೀದಿಯ ತುದಿಯವರೆಗೆ ಹೋಗಿ ಮೂಟೆ ಇಳಿಸದೆ ತಿರುಗಿತು. ಏಕೆಂದು ಕೇಳಿದ ಚಾಲಕನಿಗೆ ಒಬ್ಬಳು ಹೆಬ್ಬೆರಳು ಎತ್ತಿ ತೋರಿಸಿ, "ಬೆಳೆಸ್ತಾ ಇದ್ದೇವೆ" ಎಂದಳಂತೆ. ಆ ದೇಶದಲ್ಲಿ ಹೆಬ್ಬೆರಳು ಎತ್ತುವುದೆಂದರೆ ಎಲ್ಲ ಚೆನ್ನಾಗಿದೆ ಎಂದರ್ಥ. ಪಾಪ, ಅವನೂ ಹೆಬ್ಬೆರಳು ಎತ್ತಿ ಹೋದ.

ಆ ಬೀದಿಗೆ ಅಂಥ ಬಿಡುವು ಎಂದೂ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ. ಹೆಂಗಸರು ಜಗಲಿಯಲ್ಲಿ ಕೈ ಮಡಿಲಲ್ಲಿಟ್ಟು ಕೂತು, ಏನು ಮಾಡಬೇಕೆಂದು ತಿಳಿಯದೆ ನಗುತ್ತಿದ್ದರು. ಸುನಂದಾ ತಲೆಗೆಂದು ಊರಿನಿಂದ ತಂದ ತೆಂಗಿನೆಣ್ಣೆಯ ಬಾಟಲಿ ತೆಗೆದಳು. ಮೊದಲು ರೈಮುಂದಾಳ ಕೈಗೆ ಹಚ್ಚಿದಳು. ಆಮೇಲೆ ಪಕ್ಕದವಳು ಕೈ ಚಾಚಿದಳು, ಅವಳ ಹಿಂದೆ ಇನ್ನೊಬ್ಬಳು. ಮಿಜಾರಿನಲ್ಲಿ ಕೆಲಸದವರ ಹೆಸರು ಕರೆದು ಗದರುವ ನನ್ನ ತಂಗಿ ಅಲ್ಲಿ ಮಾತಿಲ್ಲದೆ ಒಂದೊಂದೇ ಬೆರಳು ತಿಕ್ಕುತ್ತ ಕೂತಿದ್ದಳು.

ಸಂಜೆ ಮಾತ್ರ ನನ್ನ ಮೇಲೆ ಹರಿಹಾಯ್ದಳು. "ನಿನಗೇನು ಅಕ್ಕ, ಪೆನ್ಶನ್ ಬರ್ತದೆ. ನನ್ನ ಫ್ಯಾಕ್ಟರಿಯಲ್ಲಿ ಹೆಂಗಸರು ನಾಳೆ ಹೀಗೆ ಕೂತ್ರೆ ನಾನು ಬಾಗಿಲು ಹಾಕುವುದಾ?"

"ಮತ್ತೆ ಎಣ್ಣೆ ಯಾಕೆ ಹಚ್ಚಿದೆ?"

"ಕೈ ನೋಡಿ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ, ಅದಕ್ಕೆ. ದೊಡ್ಡ ನ್ಯಾಯ ಮಾತಾಡ್ಬೇಡ ನನ್ನ ಹತ್ರ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಸುದ್ದಿ ಕಾರ್ಖಾನೆಗೆ ಮುಟ್ಟದಿರುತ್ತದೆಯೇ. ಯಜಮಾನ ಸೆನ್ಯೋರ್ ಒತಾವಿಯೊ ಒಂದು ಮಧ್ಯಾಹ್ನ ಖುದ್ದಾಗಿ ಬೀದಿಗೆ ಬಂದ. ಅಂಗಿಯ ಜೇಬಿನ ಮೇಲೆ ಗವರ್ನರನ ಚೀಟಿ ಅಂಟಿಸಿಕೊಂಡಿದ್ದ. ಹೊಸ ರಸ್ತೆಯಿಂದ ಅವನ ಲಾರಿಗಳಿಗೆ ಬಂದರು ಹತ್ತಿರವಾಗುತ್ತದೆ, ಮುಚ್ಚುಮರೆಯೇನೂ ಇಲ್ಲ. ನಮ್ಮೂರಿನ ದೊಡ್ಡ ಮನುಷ್ಯರ ಹಾಗೆಯೇ ಮೊದಲು ಎಲ್ಲರ ಆರೋಗ್ಯ ವಿಚಾರಿಸಿದ. ಆಮೇಲೆ ಸುನಂದಾಳಿಗೆ ಹೇಳಿದ್ದನ್ನು ಲೀನಾ ಸಣ್ಣ ದನಿಯಲ್ಲಿ ಹೇಳಿದಳು: ನಿಮ್ಮ ಅಕ್ಕ ನನ್ನ ಹೆಂಗಸರ ತಲೆ ಕೆಡಿಸಿದ್ದಾರೆ. ಪಟ್ಟಣದಲ್ಲಿ ಒಳ್ಳೆಯ ಹೋಟೆಲಿದೆ, ಅಲ್ಲಿಗೆ ಹೋಗಿ. ಚುನಾವಣೆ ಮುಗಿದ ಸೋಮವಾರ ಬೆಳಿಗ್ಗೆ ಕಾರ್ಖಾನೆಗೆ ಬನ್ನಿ, ಯಂತ್ರದ ಮಾತು ಮುಗಿಸೋಣ. ಸೋಮವಾರ ತಪ್ಪಿದರೆ ಯಂತ್ರಕ್ಕೆ ಬೇರೆ ಗಿರಾಕಿ ಇದ್ದಾರೆ.

"ಯಾರ ತಲೆಯನ್ನು ಯಾರೂ ಕೆಡಿಸಲಿಲ್ಲ ಅಂತ ಹೇಳು" ಎಂದೆ ನಾನು. ಲೀನಾ ಹೇಳುವ ಮೊದಲೇ ರೈಮುಂದಾ ಅದಕ್ಕಿಂತ ಉದ್ದದ್ದೇನನ್ನೋ ಹೇಳಿದಳು. ಜಗಲಿಯ ಹೆಂಗಸರು ಗೊಳ್ಳೆಂದರು, ಒತಾವಿಯೊನ ಕಿವಿ ಕೆಂಪಾಯಿತು. ಏನೆಂದಳು ಎಂದು ಲೀನಾಳನ್ನು ಎಷ್ಟು ಕೇಳಿದರೂ, "ಬೇಡ ಟೀಚರ್, ನಾನು ಸನ್ಯಾಸಿನಿ" ಎಂದುಬಿಟ್ಟಳು.

ಹೋಟೆಲಿಗೆ ನಾವು ಹೋಗಲಿಲ್ಲ. ಆದರೆ ಸೋಮವಾರ ಬರುತ್ತೇನೆ ಎಂದು ಸುನಂದಾ ಅವನಿಗೆ ಒಪ್ಪಿಗೆ ಕೊಟ್ಟಿದ್ದಳು. ವರ್ಷಗಟ್ಟಲೆ ಅವಳು ಕಂಡ ಕನಸು ಅದು.

ಭಾನುವಾರ, ಶಾಲೆ

ಮತದಾನ ಅಲ್ಲಿ ಯಾವಾಗಲೂ ಭಾನುವಾರ. ಬೆಳಿಗ್ಗೆ ಬೀದಿಗಿಳಿದರೆ ಕಾಲಿಟ್ಟಲ್ಲೆಲ್ಲ ಅಭ್ಯರ್ಥಿಗಳ ಫೋಟೊ ಇರುವ ಪುಟ್ಟ ಚೀಟಿಗಳು. ಹಿಂದಿನ ದಿನವೇ ಸುರಿದು ಹೋಗುತ್ತಾರಂತೆ. ಗವರ್ನರನ ಮುಖದ ಮೇಲೆ ಕಾಲಿಟ್ಟು ಜಾರಿ ಬೀಳಲಿದ್ದೆ, ರೈಮುಂದಾ ಹಿಡಿದುಕೊಂಡಳು. "ನೋಡು, ನಿನ್ನನ್ನೂ ಬೀಳಿಸ್ತಾನೆ" ಎಂದಳು.

ಬೂತು ಒಂದು ಸರಕಾರಿ ಶಾಲೆ. ಸೀಮೆಸುಣ್ಣದ ವಾಸನೆ, ಗೀಚಿದ ಬೆಂಚು, ಗೋಡೆಯಲ್ಲಿ ಮಾಸಿದ ಭೂಪಟ. ನನ್ನ ಕಾಲು ತಾನಾಗಿ ಮೇಜಿನ ಹಿಂದಕ್ಕೆ ಹೋಗಲು ನೋಡಿತು. ಅಲ್ಲಿ ಡ್ಯೂಟಿಗೆ ಬರುವವರು ಹೆಚ್ಚಾಗಿ ಸಾಮಾನ್ಯ ಜನರೇ. ಅಂಗಡಿಯವರು, ನರ್ಸುಗಳು, ಬ್ಯಾಂಕಿನವರು, ಕರೆ ಬಂದರೆ ಹೋಗಲೇಬೇಕು. ಅಷ್ಟು ಶಿಕ್ಷಕರ ಭಾನುವಾರ ಉಳಿಯಿತಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ನಾನೂ ಸುನಂದಾಳೂ ಹೊರಗಿನ ಜಗಲಿಯಲ್ಲಿ, ತೆರೆದ ಕಿಟಕಿಯಿಂದ ಒಳಗೆ ಕಾಣುವಷ್ಟು ದೂರದಲ್ಲಿ ನಿಂತೆವು. ಲೀನಾಳ ಓಟೂ ಅದೇ ಕೋಣೆಯಲ್ಲಿ, ಒಳಗಿನ ಮಾತನ್ನೆಲ್ಲ ಆಮೇಲೆ ನಮಗೆ ದಾಟಿಸಿದವಳು ಅವಳೇ.

ವಯಸ್ಸಾದವರಿಗೆ ಮುಂದೆ ಹೋಗಲು ಬಿಡುತ್ತಾರೆ. ರೈಮುಂದಾ ಹೋಗಲಿಲ್ಲ. ಬೀದಿಯ ಹೆಂಗಸರೆಲ್ಲ ಬೆಳಿಗ್ಗೆಯೇ ಮಾತಾಡಿಕೊಂಡಿದ್ದರು. ಅವಳು ಎಲ್ಲಿ ನಿಲ್ಲುತ್ತಾಳೋ ಅವಳ ಬೆನ್ನಿಗೆ ತಾವೇ ನಿಲ್ಲಬೇಕು, ನಡುವೆ ಬೇರೆ ಯಾರೂ ಬರಬಾರದು ಎಂದು. ಹಾಗಾಗಿ ಈ ಸಲ ಅವಳ ಹಿಂದೆ ಗೊಣಗುವವರು ಇರಲಿಲ್ಲ.

ಮೊದಲ ಸಲದವನೇ ಮೇಜಿನ ಹಿಂದೆ ಕೂತಿದ್ದ. ಗುರುತು ಹಿಡಿದು ನಕ್ಕ. "ಮತ್ತೆ ಬಂದಿರಾ ಅಜ್ಜಿ? ನಿಮಗೆ ಕಡ್ಡಾಯ ಇಲ್ಲವಲ್ಲ."

"ಕಡ್ಡಾಯ ಇಲ್ಲ ಅಂತ ಗೊತ್ತುಂಟು. ಹಕ್ಕು ಉಂಟಲ್ಲ? ಅದಕ್ಕೇ ಬಂದದ್ದು" ಎಂದಳು ರೈಮುಂದಾ. ಆ ಹಾರನ್ನು ದನಿಗೆ ಶಾಲೆಯೆಲ್ಲ ತಿರುಗಿ ನೋಡಿತು.

ಹೆಬ್ಬೆರಳು ಇಟ್ಟಳು. ಯಂತ್ರ ಹಿಡಿಯಲಿಲ್ಲ. ಸುನಂದಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ರೈಮುಂದಾ ಸೆರಗಿನಂಥ ತನ್ನ ಮೇಲ್ವಸ್ತ್ರದಲ್ಲಿ ಒರೆಸಿ ಮತ್ತೆ ಇಟ್ಟಳು. ಇಲ್ಲ. ಎಡಗೈ. ಅದೂ ಇಲ್ಲ. ಒಂದು ಜೀವಮಾನ ಸುಟ್ಟದ್ದು ಎರಡು ವಾರದಲ್ಲಿ ಬೆಳೆಯುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ಅವನು ಕೈ ಚೆಲ್ಲಿ ಏನೋ ಹೇಳಲು ಹೊರಟ. ರೈಮುಂದಾ ಎರಡೂ ಅಂಗೈ ಮೇಜಿನ ಮೇಲೆ ಊರಿ ನಿಂತಳು. "ವರ್ಷ ಕೇಳು" ಎಂದಳು.

"ಏನು?"

"ಹುಟ್ಟಿದ ವರ್ಷ ಕೇಳು. ನಿನ್ನ ನಿಯಮ ಅದು. ಕೇಳು."

ಅವನು ಪಕ್ಕದವಳನ್ನು ನೋಡಿದ. ಅವಳು ಪುಸ್ತಕ ತಿರುಗಿಸಿ ನೋಡಿ, ಹೌದೆಂದು ತಲೆಯಾಡಿಸಿದಳು. ಅವನ ಮುಖದ ನಗು ಹೋಯಿತು. ವರ್ಷ ಕೇಳಿದ. ರೈಮುಂದಾ ಹೇಳಿದ ವರ್ಷ ರಸ್ತೆಯವರಿಗೂ ಕೇಳಿಸಿರಬೇಕು. ರಟ್ಟಿನ ಮರೆಯ ಹಿಂದೆ ಹೋಗಿ ಅಂಕೆ ಒತ್ತಿದಳು. ಅಲ್ಲಿ ಚಿಹ್ನೆಯ ಬದಲು ಅಂಕೆ, ಅಂಕೆ ಒತ್ತಿದರೆ ಅಭ್ಯರ್ಥಿಯ ಮುಖ ಕಾಣುತ್ತದೆ, ಸರಿಯಾಗಿದ್ದರೆ ಹಸಿರು ಗುಂಡಿ. ಯಂತ್ರ ಕಿಣಿಕಿಣಿ ಎಂದು ಸಣ್ಣ ರಾಗ ಹಾಡಿತು.

ಹಿಂದಿನವಳು ಬೆರಳಿಟ್ಟಳು. ಕೂತಿತು. ಅವಳು "ಆಯ್!" ಎಂದು ಕೂಗಿಕೊಂಡಳು. ಅವಳ ಹಿಂದಿನವಳದೂ ಕೂತಿತು. ಕೂರದ ಇನ್ನೊಬ್ಬಳು ಅವನು ಬಾಯಿ ತೆರೆಯುವ ಮೊದಲೇ ವರ್ಷ ಒದರಿದಳು. ಒಬ್ಬಳೂ ಓಟು ಹಾಕದೆ ಹೊರಗೆ ಬರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟೋ ಚುನಾವಣೆಗಳಲ್ಲಿ ಎಷ್ಟೋ ಬೆರಳಿಗೆ ಶಾಯಿ ಹಚ್ಚಿದ್ದೇನೆ, ಬೆರಳನ್ನು ಅಷ್ಟು ಗಮನವಿಟ್ಟು ನೋಡಿದ್ದು ಅಂದೇ.

ಅದೇ ಸಂಜೆ

ನಮ್ಮಲ್ಲಿ ಓಟು ಹಾಕಿ ವಾರಗಟ್ಟಲೆ ಕಾಯಬೇಕು. ಪೆಟ್ಟಿಗೆ ಕೋಣೆಯಲ್ಲಿ, ಕೋಣೆಗೆ ಬೀಗ, ಬೀಗಕ್ಕೆ ಪೊಲೀಸು. ಅಲ್ಲಿ ಹೊತ್ತು ಮುಳುಗುವಾಗ ಮತದಾನ ಮುಗಿದರೆ ರಾತ್ರಿಯ ಊಟದ ಹೊತ್ತಿಗೆ ಗೆದ್ದವನ ಹೆಸರು ಬಂತು. ನಮ್ಮಿಬ್ಬರ ಊಟ ಬೆಳಕಿದ್ದಾಗಲೇ ಆಗಿತ್ತು. ಬೀದಿಯ ಅರ್ಧ ಜನ ರೈಮುಂದಾಳ ಟಿವಿಯ ಮುಂದೆ ಇದ್ದರು.

ಅಂಕೆಗಳು ಏರುತ್ತ ಹೋದವು. ಒಮ್ಮೆ ಇವನು ಮುಂದೆ, ಒಮ್ಮೆ ಅವನು. ಎದುರಾಳಿ ಮುಂದೆ ಬಂದಾಗಲೆಲ್ಲ ಸುನಂದಾ ನನ್ನ ತೊಡೆಗೆ ಬಡಿಯುತ್ತಿದ್ದಳು. ಮರುದಿನ ಗವರ್ನರನ ಬೆಂಬಲಿಗನೊಡನೆ ವ್ಯವಹಾರ ಮುಗಿಸಬೇಕಾದವಳು ಇವಳೇ ಎಂದು ನನಗೆ ನಗು ಬಂತು. ಕೊನೆಗೆ ಒಂದು ಸಣ್ಣ ಊರಿನಲ್ಲಿ ಹಿಡಿಸಬಹುದಾದಷ್ಟು ಓಟಿನ ಅಂತರದಲ್ಲಿ ಗವರ್ನರನೇ ಗೆದ್ದ.

ದೂರದಲ್ಲಿ ಪಟಾಕಿ ಹೊಡೆದರು. ಈ ಬೀದಿಯಲ್ಲಿ ನಾಯಿ ಮಾತ್ರ ಬೊಗಳಿತು. ಒಬ್ಬಳು ಅಳಲು ಶುರುಮಾಡಿದಳು: ಇಷ್ಟೆಲ್ಲ ಮಾಡಿ ಏನಾಯಿತು?

ರೈಮುಂದಾ ಟಿವಿ ಆರಿಸಿದಳು. "ಮೊದಲ ಸುತ್ತಿನಲ್ಲಿ ನಾವು ಇಲ್ಲ ಅಂತ ಲೆಕ್ಕ ಹಾಕಿದ್ದ. ಈಗ ನಾವು ಎಷ್ಟು ಜನ ಅಂತ ಅವನಿಗೆ ಗೊತ್ತಾಯ್ತು. ಎಲ್ಲ ಮನೆಗೆ ಹೋಗಿ ಮಲಗಿ, ನಾಳೆ ಬೇಗ ಏಳ್ಬೇಕು" ಎಂದಳು.

ಸೋಮವಾರ

ನಾನು ಎದ್ದು ಹೊರಗೆ ಬಂದಾಗ ಅವರು ಬಂದಾಗಿತ್ತು. ಅಳತೆಯ ಕೋಲು, ಮೂರು ಕಾಲಿನ ದುರ್ಬೀನು, ಹಳದಿ ಟೊಪ್ಪಿಯ ಕೆಲಸಗಾರರು, ಅವರ ಮೇಲೊಬ್ಬ ಎಂಜಿನಿಯರು. ಗೆದ್ದ ಮಾರನೆಯ ಬೆಳಿಗ್ಗೆಯೇ. ಇಷ್ಟು ಚುರುಕಿನ ಸರಕಾರಿ ಕೆಲಸ ನಾನು ಬಂಟ್ವಾಳದಲ್ಲಿ ಕಂಡದ್ದಿಲ್ಲ.

ಅವರು ಕೋಲು ನೆಡಬೇಕೆಂದಿದ್ದ ಜಾಗದಲ್ಲಿ, ಬೀದಿಯ ನಟ್ಟನಡುವೆ, ರೈಮುಂದಾ ಕುರ್ಚಿ ಹಾಕಿ ಕೂತಿದ್ದಳು. ಎಂಜಿನಿಯರು ಬಗ್ಗಿ ಏನೋ ತಿಳಿಹೇಳುತ್ತಿದ್ದ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಒಂದೊಂದೇ ಬಾಗಿಲು ತೆರೆದು ಹೆಂಗಸರು ತಮ್ಮ ತಮ್ಮ ಕುರ್ಚಿ ಹೊತ್ತು ತಂದರು. ಬೀದಿ ತುಂಬಿತು. ಲೀನಾ ಶಿಶುವಿಹಾರದಿಂದ ಓಡಿ ಬಂದಳು. ನಾನೂ ಒಳಗಿನಿಂದ ಒಂದು ಸ್ಟೂಲು ತಂದು ರೈಮುಂದಾಳ ಬಲಕ್ಕೆ ಕೂತೆ.

ಆಗ ಒತಾವಿಯೊ ಕಳಿಸಿದ ಕಾರು ಬಂತು. ಸುನಂದಾ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಕಾರನ್ನು ನೋಡಿದಳು, ನಮ್ಮನ್ನು ನೋಡಿದಳು.

"ಹೋಗಿ ಬಾ. ನಿನ್ನ ಕೆಲಸ ಬಿಡಬೇಡ" ಎಂದೆ ನಾನು. ಮನಸ್ಸಿನಿಂದಲೇ ಹೇಳಿದ್ದೆ.

"ನೀನು ಸುಮ್ಮನೆ ಕೂರು ಅಕ್ಕ" ಎಂದಳು. ಕೈಚೀಲ ಒಳಗಿಟ್ಟು, ಅಡುಗೆಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ರೈಮುಂದಾಳ ಎಡಕ್ಕೆ ಹಾಕಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು. ಕಾರು ಸ್ವಲ್ಪ ಹೊತ್ತು ನಿಂತು ಹಿಂದೆ ಹೋಯಿತು. ಅದರ ಜೊತೆಗೆ ಯಂತ್ರವೂ ಹೋಯಿತು. ಅವಳು ತಿರುಗಿ ನೋಡಲಿಲ್ಲ.

ಎಂಜಿನಿಯರು ನಮ್ಮ ಸೀರೆಗಳನ್ನು ನೋಡಿ ಕಂಗಾಲಾದ. ಇವರು ಯಾರು, ಇವರಿಗೆ ಇಲ್ಲಿ ಏನು ಕೆಲಸ ಎಂದು ಲೀನಾಳನ್ನು ಕೇಳಿದ.

ಸುನಂದಾ ಉತ್ತರ ಕೊಟ್ಟಳು: "ಹೇಳು ಲೀನಾ ಅವನಿಗೆ. ನಾವು ಈ ಮನೆಗೆ ಬಂದ ನೆಂಟರು. ನೆಂಟರು ಊಟ ಆಗದೆ ಏಳುವ ಕ್ರಮ ನಮ್ಮ ಊರಿನಲ್ಲಿ ಇಲ್ಲ."

ಲೀನಾ ಹೇಳಿದಳು. ಎಂಜಿನಿಯರು ಗಡಿಯಾರ ನೋಡಿಕೊಂಡು, ಸರಿ, ಊಟ ಎಷ್ಟು ಹೊತ್ತಿಗೆ ಎಂದು ರೈಮುಂದಾಳನ್ನೇ ಕೇಳಿದ.

ರೈಮುಂದಾ ಕುರ್ಚಿಗೆ ಬೆನ್ನು ಆನಿಸಿ ಕೂತು, ಅವರೆಕಾಳನ್ನು ಇನ್ನೂ ನೆನೆಹಾಕಿಲ್ಲ ಎಂದಳು.